ಬಾವಾನ್ ತಿಂದು ಅತ್ತವನು

ಶ್ಯಾವ್ ಯುಂಗ್‌ಲಾಯ್ ಎಂಬ ಕಾಲುಚೀಲದ ಮಾರಾಟಗಾರ ತನ್ನ ನಲವತ್ತೊಂಬತ್ತು ವರ್ಷದ ಬದುಕಿನಲ್ಲಿ ನಾಲ್ಕು ಜನರ ಮುಂದೆ ಅತ್ತದ್ದು ಒಂದೇ ಸಲ, ಅದೂ ಬಾಯಿ ತುಂಬ ಬಾವಾನ್ ಎಂಬ ತಿಂಡಿ ಇಟ್ಟುಕೊಂಡು. ಆ ಅಳುವಿನಿಂದ ಚಾಂಗ್‌ಹುವಾ ನಗರದ ಒಂದು ಓಣಿ ಆರು ದಿನ ತಲೆಕೆಳಗಾಯಿತು ಎಂದರೆ ಹೊರಗಿನವರು ನಂಬುವುದಿಲ್ಲ. ಓಣಿಯವರು ಮಾತ್ರ ಇವತ್ತಿಗೂ ದಿನಾಂಕ ಸಮೇತ ಹೇಳುತ್ತಾರೆ.

ಯುಂಗ್‌ಲಾಯ್ ಕೆಟ್ಟವನಲ್ಲ. ಊರೆಲ್ಲ ಅವನನ್ನು ಆಲಾಯ್ ಎಂದೇ ಕರೆಯುತ್ತಿತ್ತು. ಅವನಿಗಿದ್ದದ್ದು ಒಂದೇ ಒಂದು ದೋಷ: ಯಾರಾದರೂ ಏನಾದರೂ ಕೇಳಿದರೆ ‘ನನಗೆ ಗೊತ್ತಿಲ್ಲ’ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಪರಸ್ಥಳದವರು ರೈಲ್ವೆ ಸ್ಟೇಷನ್ನಿಗೆ ದಾರಿ ಕೇಳಿದರೆ ಎಂಥ ಗತ್ತಿನಿಂದ ಕೈ ತೋರಿಸುತ್ತಿದ್ದನೆಂದರೆ, ಅವರು ಬೆಟ್ಟ ಹತ್ತಿ ದೊಡ್ಡ ಬುದ್ಧನ ವಿಗ್ರಹದ ಪಾದದ ಬಳಿ ನಿಂತ ಮೇಲೂ ಸ್ಟೇಷನ್ ಇಲ್ಲೇ ಎಲ್ಲೋ ಇರಬೇಕೆಂದು ಹುಡುಕುತ್ತಿದ್ದರು.

ಅಂಥವನು ಒಂದು ಮಂಗಳವಾರ ಮಧ್ಯಾಹ್ನ, ಮಾದರಿ ಕಾಲುಚೀಲಗಳ ಚೀಲವನ್ನು ಹೆಗಲಿಗೇರಿಸಿಕೊಂಡು ಮೂತಾನ್ ಅಜ್ಜಿಯ ಅಂಗಡಿಗೆ ಹೋದ. ಸ್ಟೇಷನ್ನಿನ ಹಿಂದೆ, ಸ್ಕೂಟರ್ ರಿಪೇರಿಯವನ ಪಕ್ಕದಲ್ಲಿ, ಐದು ಮೇಜಿನ ಅಂಗಡಿ. ನಲವತ್ತು ವರ್ಷ ಅಲ್ಲಿ ಬಾವಾನ್ ಬಿಟ್ಟು ಬೇರೇನೂ ಬೆಂದಿಲ್ಲ. ಗೆಣಸಿನ ಹಿಟ್ಟಿನ ತೆಳು ಹೊದಿಕೆ, ಒಳಗೆ ಹಂದಿಮಾಂಸ, ಕಳಲೆ. ಅಂಗೈಯಗಲದ ಆ ಉಂಡೆ ಎಣ್ಣೆಯಿಂದ ಎದ್ದು ಬಂದರೆ ಮೈಯೆಲ್ಲ ಗಡಗಡ ನಡುಗುತ್ತಿತ್ತು. ಬಟ್ಟಲಿಗೆ ಹಾಕಿ, ಕತ್ತರಿಯಿಂದ ನಾಲ್ಕು ಭಾಗ ಮಾಡಿ, ಮೇಲೆ ಸಿಹಿಯಾದ ಅಕ್ಕಿಯ ಗೊಜ್ಜು ಸುರಿದು ಕೊಡುವುದು ಕ್ರಮ.

ಆದರೆ ಅಂಗಡಿಯ ಯಜಮಾನ, ಅಂದರೆ ಅಜ್ಜಿಯ ಗಂಡ, ತೀರಿಕೊಂಡು ಎಂಟು ತಿಂಗಳಾಗಿತ್ತು. ತೈಚುಂಗ್ ನಗರದಲ್ಲಿ ಕನ್ನಡಕದ ಅಂಗಡಿಯಲ್ಲಿದ್ದ ಮಗ ತೆಶೆಂಗ್ ಕೆಲಸ ಬಿಟ್ಟು ಬಂದು ಬಾಣಲೆಯ ಮುಂದೆ ನಿಂತಿದ್ದ. ಗಿರಾಕಿಗಳು ಬರುತ್ತಿದ್ದರು, ತಿನ್ನುತ್ತಿದ್ದರು, “ಚೆನ್ನಾಗಿದೆ ಅಜ್ಜಿ” ಎನ್ನುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ. ಆ ಮಂಗಳವಾರ ಮೂಲೆಯ ಮೇಜಿನಲ್ಲಿ ಒಬ್ಬ ಮನುಷ್ಯ ಕರಾರುಪತ್ರ ಹರಡಿಕೊಂಡು ಕೂತಿದ್ದ. ಅವನದು ದುಡ್ಡು ಹಾಕಿ ಗೊಂಬೆ ಎತ್ತುವ ಆಟದ ಯಂತ್ರಗಳ ವ್ಯಾಪಾರ. ಅಜ್ಜಿ ಸಹಿಯ ಬದಲು ತನ್ನ ಹೆಸರಿನ ಮುದ್ರೆಯನ್ನು ಕೆಂಪು ಶಾಯಿಯಲ್ಲಿ ಒತ್ತಿದರೆ ಸಾಕು, ಮುಂದಿನ ತಿಂಗಳು ಅಲ್ಲಿ ಬಾವಾನ್ ಇರುತ್ತಿರಲಿಲ್ಲ. ಗಾಜಿನ ಪೆಟ್ಟಿಗೆಯೊಳಗಿನ ಬಟ್ಟೆ ಕರಡಿಗಳು ಇರುತ್ತಿದ್ದವು.

ಆಲಾಯ್‌ಗೆ ಇದು ಯಾವುದೂ ಗೊತ್ತಿರಲಿಲ್ಲ. ಅವನ ಗಮನವೆಲ್ಲ ಎದುರಿಗೆ ಕೂತಿದ್ದ ಹುಡುಗಿಯ ಮೇಲಿತ್ತು. ತಪ್ಪು ತಿಳಿಯಬೇಡಿ, ಅವಳು ಫೋನ್ ಹಿಡಿದು ಊರೂರಿನ ತಿಂಡಿಯ ವಿಡಿಯೋ ಮಾಡಿ ಹಾಕುವವಳು, ಶಿನ್‌ಚು ಊರಿನಿಂದ ಬಂದಿದ್ದಳು. “ಅಂಕಲ್, ನಮ್ಮೂರಲ್ಲಿ ಬಾವಾನ್ ಹಬೇಲಿ ಬೇಯಿಸ್ತಾರೆ. ನಿಮ್ಮೂರಿಂದು ಹೇಗೆ ತಿನ್ಬೇಕು?” ಎಂದು ಕೇಳಿಬಿಟ್ಟಳು.

ಕೇಳಬಾರದಿತ್ತು.

“ಹಬೇಲಿ ಬೇಯಿಸಿದ್ದು ಆಸ್ಪತ್ರೆಯವರಿಗಮ್ಮ,” ಎಂದು ಆಲಾಯ್ ಬೆನ್ನು ನೆಟ್ಟಗೆ ಮಾಡಿಕೊಂಡ. “ಚಾಂಗ್‌ಹುವಾದಲ್ಲಿ ಹುಟ್ಟಿದವನು ಬಾವಾನ್‌ಗೆ ಕತ್ತರಿ ಹಾಕಿಸೋದಿಲ್ಲ. ಕತ್ತರಿ ಹಾಕಿದ್ರೆ ಜೀವ ಹೋಗುತ್ತೆ.”

“ಯಾರ ಜೀವ?”

“ಬಾವಾನ್‌ದು! ತೆಶೆಂಗ್, ನನಗೆ ಕತ್ತರಿ ಬೇಡಪ್ಪ. ಬಾಣಲೆಯಿಂದ ಎತ್ತಿ ಹಾಗೇ ಕೊಡು.”

ತೆಶೆಂಗ್‌ನ ಕನ್ನಡಕದ ಮೇಲೆ ಆವಿ ಕಟ್ಟಿತ್ತು. ಅವನಿಗೆ ಗಿರಾಕಿಯೂ ಕಾಣುತ್ತಿರಲಿಲ್ಲ, ಬಾವಾನೂ ಕಾಣುತ್ತಿರಲಿಲ್ಲ. ಹೇಳಿದಂತೆ ಎತ್ತಿ ಹಾಗೇ ಕೊಟ್ಟ. ಹುಡುಗಿ ಫೋನ್ ಎತ್ತಿ ಹಿಡಿದಳು. ಆಲಾಯ್ ಫೋರ್ಕಿನಿಂದ ಚುಚ್ಚಿ ಎತ್ತಿ, ತಲೆ ಹಿಂದಕ್ಕೆ ವಾಲಿಸಿ, ಅರ್ಧಕ್ಕಿಂತ ಹೆಚ್ಚು ಭಾಗವನ್ನು ಒಂದೇ ತುತ್ತಿಗೆ ಬಾಯೊಳಗೆ ಇಳಿಸಿದ.

ಒಳಗಿದ್ದ ಕುದಿಯುವ ಕೊಬ್ಬು ಒಮ್ಮೆಲೇ ಹೊರಗೆ ಬಂತು. ಹೊದಿಕೆಯ ಹಿಟ್ಟು ಅಂಗುಳಕ್ಕೆ ಅಂಟಿಕೊಂಡಿತು. ಉಗುಳೋಣವೆಂದರೆ ಫೋನ್ ನೋಡುತ್ತಿದೆ, ನುಂಗೋಣವೆಂದರೆ ಗಂಟಲು ಒಪ್ಪುತ್ತಿಲ್ಲ. ಆಲಾಯ್ ಎರಡು ಕೈಯಿಂದ ಮೇಜಿನ ಅಂಚು ಹಿಡಿದು ಅಲುಗಾಡದೆ ಕೂತ. ಮೊದಲು ಬಲಗಣ್ಣಿನಿಂದ ಒಂದು ಹನಿ ಇಳಿಯಿತು. ಆಮೇಲೆ ಎಡಗಣ್ಣಿನಿಂದ. ಆಮೇಲೆ ಲೆಕ್ಕವಿಲ್ಲ.

ಅಂಗಡಿಯಲ್ಲಿ ಇದ್ದ ಆರು ಜನ ತಿನ್ನುವುದನ್ನು ನಿಲ್ಲಿಸಿದರು. ಮೂತಾನ್ ಅಜ್ಜಿ ಮುದ್ರೆಯನ್ನು ಕೈಯಲ್ಲೇ ಹಿಡಿದುಕೊಂಡು ಎದ್ದು ಬಂದಳು. ಆಲಾಯ್ ಹದಿನೇಳನೆಯ ವಯಸ್ಸಿನಿಂದ ಅಲ್ಲಿ ತಿನ್ನುತ್ತಿದ್ದವನು. ಯಜಮಾನನ ಕೈಯಿಂದಲೇ ಸಾವಿರ ಬಾವಾನ್ ತಿಂದಿದ್ದವನು. ಅವಳು ಬಾಗಿ ಅವನ ಮುಖ ನೋಡಿದಳು.

“ಮಗಾ ಆಲಾಯ್,” ಎಂದಳು. “ಅವರ ಕೈರುಚಿ ಬಂದಿದೆ ಅಲ್ವಾ? ನಿಜ ಹೇಳು. ಬಂದಿದೆ ಅಲ್ವಾ?”

ಆಲಾಯ್‌ನ ಕಿವಿಯಲ್ಲಿ ಆಗ ಗುಂಯ್ ಎನ್ನುವ ಶಬ್ದ ಬಿಟ್ಟು ಬೇರೇನೂ ಇರಲಿಲ್ಲ. ಅಜ್ಜಿ ನೀರು ಬೇಕಾ ಎಂದು ಕೇಳುತ್ತಿದ್ದಾಳೆಂದು ತಿಳಿದು ತಲೆಯಾಡಿಸಿದ. ಬರೀ ಆಡಿಸಲಿಲ್ಲ, ಕುತ್ತಿಗೆ ಕಳಚುವ ಹಾಗೆ ಆಡಿಸಿದ.

ಅಜ್ಜಿ ಗೋಡೆಯ ಮೇಲಿನ ಗಂಡನ ಪಟದ ಕಡೆ ತಿರುಗಿ, “ಕೇಳಿಸ್ತಾ?” ಎಂದಳು. ಆಮೇಲೆ ಮುದ್ರೆಯನ್ನು ಪುಟ್ಟ ಪರ್ಸಿಗೆ ಹಾಕಿ, ಜಿಪ್ ಎಳೆದು, ಗೊಂಬೆ ಯಂತ್ರದವನಿಗೆ, “ನೀವು ಬೇರೆ ಜಾಗ ನೋಡ್ಕೊಳ್ಳಪ್ಪ. ಈ ಅಂಗಡಿ ಮುಚ್ಚೋದಿಲ್ಲ,” ಎಂದಳು.

ನೀರು ಕೊನೆಗೂ ಬರಲಿಲ್ಲ.

ಮರುದಿನ ಸಂಜೆ ಐದೂವರೆಗೆ ಕಸದ ಲಾರಿ ತನ್ನ ಸಂಗೀತ ನುಡಿಸಿಕೊಂಡು ಓಣಿಗೆ ಬಂದಾಗ ಆಲಾಯ್‌ನ ಹೆಂಡತಿ ಪಾವ್‌ಚು ಎಂದಿನಂತೆ ಚೀಲ ಹಿಡಿದು ಕೆಳಗಿಳಿದಳು. ಓಣಿಯ ಹೆಂಗಸರೆಲ್ಲ ಕಸ ಹಿಡಿದು ಒಂದೆಡೆ ಸೇರುವ ಆ ಕಾಲು ಗಂಟೆಯಲ್ಲಿ ತಿಳಿಯದ ಸುದ್ದಿಯನ್ನು ಸುದ್ದಿಯೆಂದು ಯಾರೂ ಪರಿಗಣಿಸುವುದಿಲ್ಲ. ಆವತ್ತು ಎಲ್ಲರೂ ಅವಳನ್ನು ಒಂಥರಾ ನೋಡುತ್ತಿದ್ದರು.

“ಪಾವ್‌ಚು,” ಎದುರು ಮನೆಯವಳು ಮೆಲ್ಲಗೆ ಫೋನ್ ಮುಂದೆ ಹಿಡಿದಳು. “ನೋಡಿದ್ಯಾ? ಎಂಬತ್ತು ಸಾವಿರ ಜನ ನೋಡಿದ್ದಾರಂತೆ.”

ಪಾವ್‌ಚು ನೋಡಿದಳು. ತನ್ನ ಗಂಡ. ಬಾಯಿ ಉಬ್ಬಿದೆ. ಕಣ್ಣೀರು ಗದ್ದದಿಂದ ತೊಟ್ಟಿಕ್ಕುತ್ತಿದೆ. ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದಿದೆ: ‘ಕಳೆದುಹೋದ ರುಚಿ ಸಿಕ್ಕಾಗ.’

“ನಿನ್ನ ಅಡುಗೆ ತಿಂದು ಯಾವಾಗಾದ್ರೂ ಹೀಗೆ…?” ಎಂದಳು ಮೂರನೆಯ ಮಹಡಿಯವಳು.

“ಛೇ, ಹಾಗೆಲ್ಲ ಕೇಳಬಾರದು,” ಎಂದಳು ಇನ್ನೊಬ್ಬಳು, ಉತ್ತರಕ್ಕೆ ಕಾಯುತ್ತ.

ಕಸದ ಲಾರಿ ಹೊರಟುಹೋಯಿತು. ಪಾವ್‌ಚು ಚೀಲ ಸಮೇತ ಮನೆಗೆ ವಾಪಸ್ಸು ಬಂದಳು. ಇಪ್ಪತ್ತಮೂರು ವರ್ಷದಲ್ಲಿ ಅವಳು ಲಾರಿ ತಪ್ಪಿಸಿದ್ದು ಅದೇ ಮೊದಲು.

“ನಮ್ಮಪ್ಪ ಸತ್ತಾಗ ನಿನ್ನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ,” ಎಂದು ಬಾಗಿಲಲ್ಲೇ ಶುರುಮಾಡಿದಳು. ಅವಳ ಅಪ್ಪ ಅಕ್ಕಿ ವ್ಯಾಪಾರಿ, ಬಹಳ ಒಳ್ಳೆಯವರು. “ಮಗಳನ್ನ ಮದುವೆ ಮಾಡಿ ಕಳಿಸೋವಾಗ ಎಲ್ಲರೂ ಅಳ್ತಿದ್ರೆ ನೀನು ‘ಈ ಹೋಟೆಲಲ್ಲಿ ಪಾರ್ಕಿಂಗ್ ಚೆನ್ನಾಗಿದೆ’ ಅಂದೆ. ಈಗ ಒಂದು ಬಾವಾನ್‌ಗೆ ಹೊಳೆ ಹರಿಸಿ ಬಂದಿದ್ದೀಯ!”

“ಮಾಮಾಮಾ,” ಎಂದ ಆಲಾಯ್. ಅವನ ನಾಲಿಗೆ ಇನ್ನೂ ದಪ್ಪಗಿತ್ತು.

“ಏನು?”

“ಬಾಯಿ ಸುಡ್ತು!”

ಪಾವ್‌ಚು ಟಾರ್ಚ್ ತಂದಳು. ಬಾಯಿ ತೆಗೆಸಿದಳು. ಕುದುರೆ ಕೊಳ್ಳುವವರು ಹಲ್ಲು ನೋಡುವ ಹಾಗೆ ಎಡದಿಂದ, ಬಲದಿಂದ, ಕೆಳಗಿನಿಂದ ನೋಡಿದಳು. ಅಂಗುಳದ ತುಂಬ ಬೊಬ್ಬೆ. ಅವಳ ಕೋಪ ಇಳಿಯಿತು. ಆದರೆ ಇಳಿದ ಜಾಗದಲ್ಲಿ ಇನ್ನೊಂದು ಯೋಚನೆ ಹತ್ತಿತು.

“ಸರಿ, ನಾನು ನಂಬಿದೆ. ಓಣಿ ನಂಬಬೇಕಲ್ಲ. ನಾಳೆ ಬೆಳಿಗ್ಗೆ ಆ ಅಂಗಡಿಗೆ ಹೋಗಿ, ‘ನಾನು ಅತ್ತಿದ್ದು ರುಚಿಗಲ್ಲ, ಬಿಸಿಗೆ’ ಅಂತ ಎಲ್ಲರೆದುರು ಹೇಳು. ಹೇಳೋವರೆಗೂ ಈ ಮನೇಲಿ ಒಲೆ ಹೊತ್ತೋದಿಲ್ಲ.”

ಆಲಾಯ್ ಗುರುವಾರ ಬೆಳಿಗ್ಗೆ ಹೊರಟ. ದಾರಿಯುದ್ದಕ್ಕೂ ಆ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡ. ಆದರೆ ಅಂಗಡಿಯ ಮುಂದಿನ ಸಾಲು ಸ್ಕೂಟರ್ ರಿಪೇರಿಯನ್ನು ದಾಟಿ, ಔಷಧದ ಅಂಗಡಿಯ ಮೂಲೆ ತಿರುಗಿ ನಿಂತಿತ್ತು. ಅವನನ್ನು ಕಂಡೊಡನೆ ಸಾಲು ಎರಡಾಗಿ ಸೀಳಿ ದಾರಿ ಬಿಟ್ಟಿತು. “ಅವರೇ, ಅವರೇ,” ಎಂಬ ಪಿಸುಮಾತು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು.

ಅಜ್ಜಿ ಮದುವೆಮನೆಗೆ ಹೊರಟವಳಂತೆ ಹೂವಿನ ಅಂಗಿ ತೊಟ್ಟು, ಕೈಗೆ ಹಸಿರು ಬಳೆ ಹಾಕಿಕೊಂಡಿದ್ದಳು. ಅವನ ಎರಡೂ ಕೈ ಹಿಡಿದುಕೊಂಡಳು.

“ಎಂಟು ತಿಂಗಳು ಮಗಾ, ಎಂಟು ತಿಂಗಳು ನಾನು ಕಣ್ಣು ಮುಚ್ಚಿಲ್ಲ. ಅವರು ಕಟ್ಟಿದ್ದನ್ನ ನಾನು ಮುಳುಗಿಸಿದೆ ಅಂತ ಹಾಸಿಗೇಲಿ ಹೊರಳಾಡ್ತಿದ್ದೆ. ಮೊನ್ನೆ ಮಲಗಿದವಳು ಬೆಳಗಾದದ್ದೇ ಗೊತ್ತಾಗಲಿಲ್ಲ ನೋಡು.”

“ಅಜ್ಜಿ, ನಾನು ಒಂದು ವಿಷಯ ಹೇಳಬೇಕು,” ಎಂದ ಆಲಾಯ್.

“ಹೇಳು ಮಗಾ.”

ತೆಶೆಂಗ್ ಬಾಣಲೆಯ ಹಿಂದಿನಿಂದ ಇಣುಕಿದ. ನಲವತ್ತು ಜನ ಕತ್ತು ಚಾಚಿದರು. ಆಲಾಯ್ ಹೆಗಲ ಚೀಲಕ್ಕೆ ಕೈ ಹಾಕಿದ.

“ನಿಮಗೆ… ಕಾಲುಚೀಲ ಬೇಕಾ?”

ಹೀಗೆ ಅವನು ಎರಡು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟು, ಬೊಬ್ಬೆ ಬಾಯಿಗೆ ಎರಡು ಬಾವಾನ್ ತಿನ್ನಿಸಿಕೊಂಡು ಮನೆಗೆ ಬಂದ. ಪಾವ್‌ಚು ಬರೀ ಮುಖ ನೋಡಿಯೇ ಗ್ಯಾಸ್ ಸಿಲಿಂಡರಿನ ಗುಂಡಿ ಬಂದ್ ಮಾಡಿ ಮಲಗಿಕೊಂಡಳು.

ಅವಳ ಪರಿಸ್ಥಿತಿಯೂ ಸುಖದ್ದಲ್ಲ. ಕಸದ ಲಾರಿಯ ಹತ್ತಿರ ಅವಳೇ ಬಾಯಿಬಿಟ್ಟು, “ಅದು ಅಳು ಅಲ್ಲ, ಸುಟ್ಟಿದ್ದು,” ಎಂದು ಹೇಳಿ ನೋಡಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, “ಇರಲಿ ಬಿಡು, ನಿನ್ನ ಹೊಟ್ಟೆ ಉರಿ ನಮಗೆ ಅರ್ಥ ಆಗುತ್ತೆ,” ಎಂದರು. ಮೂರನೆಯ ಮಹಡಿಯವಳು ಮರುದಿನ ಒಂದು ಪಾತ್ರೆ ಪಲ್ಯ ತಂದುಕೊಟ್ಟು, “ಬೆಳ್ಳುಳ್ಳಿ ಮೊದಲು ಹಾಕಬೇಕು, ಕಲಿತುಕೋ,” ಎಂದು ಹೋದಳು. ಪಾವ್‌ಚು ಓಣಿಗೇ ಅಡುಗೆ ಕಲಿಸಿದವಳು. ಆ ಪಲ್ಯವನ್ನು ಪಾತ್ರೆ ಸಮೇತ ಕಸಕ್ಕೆ ಹಾಕಿದಳು.

ಇಷ್ಟರಲ್ಲಿ ವಿಷಯ ಓಣಿಯ ಮುಖಂಡ ಲ್ಯಾವ್ ಕೈಗೆ ಹೋಗಿತ್ತು. ಲ್ಯಾವ್ ಆರು ಸಲ ಚುನಾವಣೆ ಗೆದ್ದವನು. ಕಂಬ ಕಂಬಕ್ಕೂ ಧ್ವನಿವರ್ಧಕ ಕಟ್ಟಿಸಿ, ಸೊಳ್ಳೆ ಔಷಧಿ ಹೊಡೆಯುವ ದಿನದಿಂದ ಹಿಡಿದು ತನ್ನ ಮೊಮ್ಮಗನಿಗೆ ಹಲ್ಲು ಬಂದದ್ದರವರೆಗೆ ಎಲ್ಲವನ್ನೂ ಸಾರುತ್ತಿದ್ದ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಕಂಬಗಳು ಗೊರಗೊರ ಎಂದವು.

“ಹಲೋ, ಹಲೋ. ಓಣಿಯ ಬಂಧುಗಳೇ. ನಮ್ಮ ಓಣಿಯ ಶ್ಯಾವ್ ಯುಂಗ್‌ಲಾಯ್ ಅವರು ಬಾವಾನ್ ತಿಂದು ಅತ್ತಿರುತ್ತಾರೆ. ಇದು ನಮಗೆಲ್ಲ ಹೆಮ್ಮೆಯ ವಿಷಯ. ಬರುವ ಭಾನುವಾರ ಹತ್ತು ಗಂಟೆಗೆ ಜಿಲ್ಲಾ ಕಚೇರಿಯ ಅಧಿಕಾರಿಗಳು ಹಾಗೂ ಟೀವಿಯವರ ಸಮ್ಮುಖದಲ್ಲಿ ಅವರು ಮತ್ತೊಮ್ಮೆ ಅಳಲಿದ್ದಾರೆ. ಎಲ್ಲರೂ ಬನ್ನಿ. ಸ್ಕೂಟರ್‌ಗಳನ್ನು ದೇವಸ್ಥಾನದ ಮುಂದೆ ನಿಲ್ಲಿಸಬೇಡಿ.”

ಆಲಾಯ್ ಹಲ್ಲುಜ್ಜುತ್ತಿದ್ದವನು ಬ್ರಷ್ ಕಚ್ಚಿಕೊಂಡೇ ಲ್ಯಾವ್ ಮನೆಗೆ ಓಡಿದ.

“ಲ್ಯಾವ್ ಅಣ್ಣ, ಇದೇನು ಮಾಡಿಬಿಟ್ರಿ? ಅಳು ಹೇಳಿದ ಹೊತ್ತಿಗೆ ಬರುತ್ತಾ?”

“ಹತ್ತು ಗಂಟೆ ಅಂದ್ರೆ ಹತ್ತೇ ಗಂಟೆಗೆ ಅಂತ ಅಲ್ಲಪ್ಪ. ಹತ್ತೂಕಾಲರವರೆಗೂ ಟೈಮ್ ಇದೆ,” ಎಂದ ಲ್ಯಾವ್ ಉದಾರವಾಗಿ. “ಭಾಷಣ ನಾನು ಎಳೀತೀನಿ. ನೀನು ಗಾಬರಿ ಆಗಬೇಡ.”

“ನನಗೆ ಬರಲ್ಲ ಅಣ್ಣ!”

“ಮಂಗಳವಾರ ಬಂತಲ್ಲ? ಯಾರೂ ಕರೀದೇ ಇದ್ದಾಗ ಬಂತು. ಈಗ ಸರ್ಕಾರವೇ ಕರೀತಿದೆ.”

ಅಂಗಡಿಯಲ್ಲಂತೂ ಪರಿಸ್ಥಿತಿ ಕೈಮೀರಿತ್ತು. ಆಲಾಯ್ ಕೂತಿದ್ದ ಸ್ಟೂಲಿಗೆ ಲ್ಯಾವ್ ಕೆಂಪು ರಿಬ್ಬನ್ ಕಟ್ಟಿಸಿದ್ದ. ಅದರ ಮೇಲೆ ಕೂತರೆ ಮಾತ್ರ ಅಳು ಬರುತ್ತದೆಂಬ ನಂಬಿಕೆ ಹುಟ್ಟಿ, ಅದಕ್ಕೇ ಬೇರೆ ಸಾಲು ಶುರುವಾಗಿತ್ತು. ಜನ ತಿಂದು ಕಣ್ಣು ಪಿಳಿಪಿಳಿ ಮಾಡುತ್ತಿದ್ದರು. ಅಳು ಬಂದವರು ಎದ್ದು ನಿಂತು ತೋರಿಸುತ್ತಿದ್ದರು, ಬಾರದವರು ತಲೆ ತಗ್ಗಿಸಿ ಹಿಂದಿನ ಬಾಗಿಲಿಂದ ಹೋಗುತ್ತಿದ್ದರು. ನಿವೃತ್ತ ಭೂಗೋಳದ ಮೇಷ್ಟ್ರೊಬ್ಬರು ಸತತ ಎರಡು ದಿನ ಅತ್ತು, ಮೂರನೆಯ ದಿನ ಗಂಟಲು ಕಟ್ಟಿ ಆಸ್ಪತ್ರೆಗೆ ಹೋದರು. “ನನಗೆ ಬಿಕ್ಕಳಿಕೆ ಮಾತ್ರ ಬಂತು, ಇದನ್ನ ಸೇರಿಸ್ಕೊಳ್ತೀರಾ?” ಎಂದು ಒಬ್ಬ ತೆಶೆಂಗ್‌ನನ್ನು ಕೇಳಿದ. ತೆಶೆಂಗ್ ಬಾಣಲೆಯ ಉರಿಯನ್ನು ಇನ್ನಷ್ಟು ಹೆಚ್ಚಿಸಿದ. ಸಾಲು ಉದ್ದವಿತ್ತು, ಬೇಗ ಬೇಯಬೇಕಿತ್ತು.

ಶನಿವಾರ ಆಲಾಯ್‌ನ ಮನೆಗೆ ಒಬ್ಬ ದಪ್ಪ ಹೆಂಗಸು ಬಂದಳು. ಕೈಯಲ್ಲಿ ಮೈಕು, ಹಿಂದೆ ಚಕ್ರದ ಮೇಲೆ ಬರುವ ಪೆಟ್ಟಿಗೆಯಂಥ ಸ್ಪೀಕರ್. ಅವಳ ಹೆಸರು ಲ್ಯೆನ್. ಸಾವಿನ ಮನೆಗಳಲ್ಲಿ ಮಕ್ಕಳ ಪರವಾಗಿ ಗೋಳಾಡುವುದು ಅವಳ ಉದ್ಯೋಗ. ಬಿಳಿ ಬಟ್ಟೆ ತೊಟ್ಟು, ಬಾಗಿಲಿಂದ ಶವದ ಪೆಟ್ಟಿಗೆಯವರೆಗೆ ಮಂಡಿಯಲ್ಲೇ ತೆವಳಿ ಬಂದು “ಅಪ್ಪಾ!” ಎಂದು ಅವಳು ಕೂಗಿದರೆ, ಸತ್ತವನ ಜೊತೆ ಹದಿನೈದು ವರ್ಷ ಮಾತು ಬಿಟ್ಟಿದ್ದ ಮಕ್ಕಳೂ ಕರಗುತ್ತಿದ್ದರು.

“ಮೂವತ್ತು ವರ್ಷ ಈ ಕಸುಬಲ್ಲಿದ್ದೀನಿ ತಮ್ಮ,” ಎಂದು ಲ್ಯೆನ್ ಸೋಫಾದಲ್ಲಿ ಕೂತಳು. “ನನಗೂ ಮೈಕು ಬೇಕು, ಹಾಡು ಬೇಕು, ಸ್ವಲ್ಪ ಹೊತ್ತು ಬೇಕು. ನೀನು ಬಾಯಿ ತುಂಬ ತುಂಬಿಕೊಂಡು, ಶಬ್ದ ಮಾಡದೆ, ಎರಡೂ ಕಣ್ಣಿಂದ ಒಂದೇ ಸಮ ಇಳಿಸಿದೆ! ಗಂಡಸರಲ್ಲಿ ಇಂಥ ಕೈ ನಾನು ನೋಡೇ ಇಲ್ಲ. ನನ್ನ ತಂಡಕ್ಕೆ ಬಂದುಬಿಡು.”

“ಅಕ್ಕ, ನಾನು ಕಾಲುಚೀಲ ಮಾರೋನು.”

“ಅದೂ ಉಪಯೋಗಕ್ಕೆ ಬರುತ್ತೆ. ಮಂಡೀಲಿ ತೆವಳೋವಾಗ ದಪ್ಪ ಕಾಲುಚೀಲ ಬೇಕು.”

ಮುಳುಗುವವನಿಗೆ ಸಿಕ್ಕಿದ್ದೇ ಹಗ್ಗ. ಆಲಾಯ್ ಭಾನುವಾರದ ಸಂಕಟವನ್ನು ಹೇಳಿಕೊಂಡ. ಲ್ಯೆನ್ ಅಲ್ಲೇ ಪಾಠ ಶುರುಮಾಡಿದಳು. “ಕಣ್ಣು ಮುಚ್ಚು. ನಿನ್ನ ಬದುಕಲ್ಲಿ ತುಂಬ ದುಃಖದ ವಿಷಯ ನೆನೆಸಿಕೋ.” ಆಲಾಯ್ ಕಣ್ಣು ಮುಚ್ಚಿ ಬಹಳ ಹೊತ್ತು ಹುಡುಕಿದ. ಕೊನೆಗೆ, ಹೋದ ವರ್ಷ ಮಾಲೀಕರು ಗುಲಾಬಿ ಬಣ್ಣದ ಕಾಲುಚೀಲ ನಿಲ್ಲಿಸಿದ್ದು ನೆನಪಾಯಿತು. ಅದರಿಂದ ಕಣ್ಣೀರು ಬರಲಿಲ್ಲ, ನಿದ್ದೆ ಬಂತು. ಒಲೆ ಹೊತ್ತದ ಅಡುಗೆಮನೆಯ ಬಾಗಿಲಲ್ಲಿ ನಿಂತು ಪಾವ್‌ಚು ಇದನ್ನೆಲ್ಲ ನೋಡಿದಳು.

ಭಾನುವಾರ ಬಂದೇ ಬಂತು. ಅಂಗಡಿಯ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಸ್ಟೂಲುಗಳು, ಟೀವಿಯವರ ಕ್ಯಾಮರಾ. ಜಿಲ್ಲಾ ಕಚೇರಿಯಿಂದ ಬಂದವರು ತೆಳ್ಳಗಿನ, ಟೈ ಕಟ್ಟಿದ, ಮಾತುಮಾತಿಗೆ ಗಡಿಯಾರ ನೋಡುವ ಅಧಿಕಾರಿ. ಲ್ಯಾವ್ ಭಾಷಣವನ್ನು ಮಾತು ಕೊಟ್ಟಂತೆಯೇ ಎಳೆದ: ಚರಂಡಿ, ಬೀದಿದೀಪ, ಮೊಮ್ಮಗ, ಬಾವಾನ್. ಅಜ್ಜಿ ಹೂವಿನ ಅಂಗಿಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಗಂಡನ ಪಟವನ್ನು ಗೋಡೆಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡಿದ್ದಳು.

ಬಾವಾನ್ ಬಂತು. ಈ ಸಲ ಯಾವ ಅನಾಹುತವೂ ಆಗಬಾರದೆಂದು ತೆಶೆಂಗ್ ಅದನ್ನು ನಾಲ್ಕಲ್ಲ, ಎಂಟು ಭಾಗ ಮಾಡಿದ್ದ. ಭಾಷಣದ ಹೊತ್ತಿಗೆ ಅದು ಪೂರ್ತಿ ತಣ್ಣಗಾಗಿತ್ತು.

ಆಲಾಯ್ ಒಂದು ತುಂಡು ತಿಂದ. ಕ್ಯಾಮರಾ ಹತ್ತಿರ ಬಂತು. ಗುಲಾಬಿ ಕಾಲುಚೀಲ ನೆನೆಸಿಕೊಂಡ. ಏನೂ ಆಗಲಿಲ್ಲ. ಎರಡನೆಯದು ತಿಂದ. ಮೂರನೆಯದು. ಬಾಯಿಯ ಬೊಬ್ಬೆ ವಾಸಿಯಾಗಿ, ಸುಟ್ಟ ಐದು ದಿನದ ಮೇಲೆ, ಅವನಿಗೆ ರುಚಿ ತಿಳಿಯುತ್ತಿದ್ದದ್ದು ಆವತ್ತೇ. ತಿಳಿದದ್ದೇ ತಪ್ಪಾಯಿತು. ಗೊಜ್ಜು ಅಂಟು ಅಂಟು, ಹೊದಿಕೆ ರಬ್ಬರು, ಕಳಲೆ ಗಟ್ಟಿ. ಆರು ತುಂಡು ಮುಗಿಯಿತು. ಅಧಿಕಾರಿ ಗಡಿಯಾರ ನೋಡಿದರು. ಲ್ಯಾವ್ ಮೈಕಿಗೆ ಕೈ ಅಡ್ಡ ಹಿಡಿದು, “ಅಳಪ್ಪ, ಅಳು, ಓಣಿಯ ಮಾನ ಹೋಗುತ್ತೆ,” ಎಂದು ಹಲ್ಲು ಕಚ್ಚಿದ. ಆ ಮೈಕು ಆಫ್ ಆಗಿರಲಿಲ್ಲ.

ಆಲಾಯ್ ಅಜ್ಜಿಯ ಮುಖ ನೋಡಿದ. ಅವಳು ಪಟವನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದಿದ್ದಳು, ಯಜಮಾನನಿಗೂ ಕಾಣಲಿ ಎಂದು. ಅದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಲ್ಯಾವ್ ಕೈಯಿಂದ ಮೈಕು ಕಿತ್ತುಕೊಂಡ.

“ಅಜ್ಜಿ, ನನ್ನನ್ನ ಕ್ಷಮಿಸಿಬಿಡಿ! ನಾನು ಅತ್ತಿದ್ದು ರುಚಿಗಲ್ಲ. ಬಾಯಿ ಸುಟ್ಟು ಅತ್ತೆ! ನನಗೆ ಆವತ್ತು ರುಚಿಯೇ ಗೊತ್ತಾಗಲಿಲ್ಲ! ಆ ಹುಡುಗಿ ಮುಂದೆ ಜಂಬ ಕೊಚ್ಚೋಕೆ ಹೋಗಿ ಕತ್ತರಿ ಬೇಡ ಅಂದೆ. ನೀವು ಕೇಳಿದ್ದು ನೀರು ಬೇಕಾ ಅಂತ ಅಂದುಕೊಂಡು ತಲೆ ಆಡಿಸಿದೆ!”

ಶಾಮಿಯಾನ ಹಾರಿಹೋಗುವಂಥ ಚಪ್ಪಾಳೆ ಬಿತ್ತು.

“ಎಂಥ ವಿನಯ!” ಎಂದರು ಅಧಿಕಾರಿ. “ರುಚಿಯನ್ನೂ ಮೀರಿದ್ದು ಸುಡುತ್ತದೆ. ಬರೆದುಕೊಳ್ಳಿ, ಬರೆದುಕೊಳ್ಳಿ,” ಎಂದು ಪಕ್ಕದವನಿಗೆ ಸನ್ನೆ ಮಾಡಿದರು.

“ಅಲ್ಲ ಸಾರ್, ನಿಜವಾಗಿ ಸುಟ್ಟಿದ್ದು!”

“ನಮ್ಮ ತಂದೆಯವರೂ ಹೀಗೇ ಹೇಳುತ್ತಿದ್ದರು…” ಎನ್ನುತ್ತ ಅಧಿಕಾರಿ ಕರವಸ್ತ್ರಕ್ಕೆ ಜೇಬು ತಡಕಿದರು.

ಲ್ಯೆನ್ ಹಿಂದಿನ ಸಾಲಿನಲ್ಲಿ ಕಾಯುತ್ತಿದ್ದಳು. ಶಿಷ್ಯ ಕಷ್ಟದಲ್ಲಿದ್ದಾನೆ, ನೆರವಿಗೆ ಹೋಗದಿದ್ದರೆ ಕಸುಬಿಗೆ ಅವಮಾನ. ಸ್ಪೀಕರಿನ ಗುಂಡಿ ಒತ್ತಿ, ಮಂಡಿಯೂರಿ, “ಅಪ್ಪಾ! ಒಂದು ತುತ್ತು ತಿನ್ನಿಸದೆ ಹೋದೆಯಾ ಅಪ್ಪಾ!” ಎಂದು ಸಾಲುಗಳ ನಡುವೆ ತೆವಳಿಕೊಂಡು ಬಂದಳು. ಅಷ್ಟೇ. ಮೊದಲು ಅಧಿಕಾರಿ ಅತ್ತೇಬಿಟ್ಟರು. ಕರವಸ್ತ್ರ ಸಿಗದೆ ಟೈಯಲ್ಲೇ ಮೂಗು ಒರೆಸಿಕೊಂಡರು. ಆಮೇಲೆ ಲ್ಯಾವ್, ಆಮೇಲೆ ಮುಂದಿನ ಸಾಲು, ಆಮೇಲೆ ಹಿಂದಿನ ಸಾಲು. ಕ್ಯಾಮರಾ ಹಿಡಿದವನ ಹೆಗಲು ಕುಲುಕಿ ಚಿತ್ರ ಅಲುಗಾಡಿತು. ಸ್ಕೂಟರ್ ರಿಪೇರಿಯವನು ಸ್ಪ್ಯಾನರ್ ಹಿಡಿದುಕೊಂಡೇ ಅತ್ತ. ಇಡೀ ಓಣಿಯಲ್ಲಿ ಒಣಗಿದ ಕಣ್ಣಿನವನೆಂದರೆ ಬಟ್ಟಲು ಹಿಡಿದು ಬೆಪ್ಪಾಗಿ ನಿಂತ ಆಲಾಯ್ ಒಬ್ಬನೇ.

ಅಲ್ಲ, ಇನ್ನೂ ಒಬ್ಬಳಿದ್ದಳು. ಪಾವ್‌ಚು ಅಳುವವರನ್ನು ಬಲಕ್ಕೂ ಎಡಕ್ಕೂ ಸರಿಸುತ್ತ, ಲ್ಯೆನ್‌ಳನ್ನು ದಾಟಿಕೊಂಡು ನೇರ ಮುಂದೆ ಬಂದಳು. ಗಂಡನ ಕೈಯಿಂದ ಫೋರ್ಕು ಕಸಿದು, ಉಳಿದಿದ್ದ ಎರಡು ತುಂಡಿನಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ನುಂಗಿದಳು.

“ಇದನ್ನ ತಿಂದು ಅತ್ತರಾ ನೀವೆಲ್ಲ?” ಎಂದಳು. ಅವಳಿಗೆ ಮೈಕು ಬೇಕಾಗಲಿಲ್ಲ. “ಗೊಜ್ಜಿಗೆ ಹಾಕಿರೋದು ಹೊಸ ಅಕ್ಕಿ. ಅದೂ ಪ್ಯಾಕೆಟ್ ಹಿಟ್ಟು. ಅದಕ್ಕೇ ಗೋಂದಿನ ಥರ ಹಿಡ್ಕೊಳ್ತಿದೆ. ಹಳೇ ಅಕ್ಕಿ ನೆನೆಸಿ ರುಬ್ಬಬೇಕು. ನಮ್ಮಪ್ಪ ಈ ಅಂಗಡಿಗೆ ಎರಡು ವರ್ಷದ ಹಳೇ ಅಕ್ಕಿಯನ್ನ ಬೇರೆ ಚೀಲದಲ್ಲಿ ಕಟ್ಟಿ ಕಳಿಸ್ತಿದ್ರು. ನಾನೇ ಸೈಕಲ್ ಮೇಲೆ ತರ್ತಿದ್ದೆ. ಇನ್ನೊಂದು, ಎಣ್ಣೆ! ಬಾವಾನ್‌ನ ಕರಿಯೋದಲ್ಲ, ಬೆಚ್ಚಗಿನ ಎಣ್ಣೇಲಿ ಮಲಗಿಸೋದು. ಯಜಮಾನರ ಬಾವಾನ್ ತಿಂದು ಈ ಊರಲ್ಲಿ ಒಬ್ಬನ ಬಾಯಿ ಸುಟ್ಟಿದೆಯಾ? ನಲವತ್ತು ವರ್ಷದಲ್ಲಿ ಒಬ್ಬನದು? ನನ್ನ ಗಂಡನ ಬಾಯಿ ಸುಟ್ಟಿದೆ ಅಂದ್ರೆ ಅದೇ ಸಾಕ್ಷಿ, ಇದು ಯಜಮಾನರ ಬಾವಾನ್ ಅಲ್ಲ!”

ಅಳು ಒಂದೊಂದಾಗಿ ನಿಂತಿತು. ಲ್ಯೆನ್ ಕೂಡ ಮಂಡಿಯಲ್ಲೇ ನಿಂತು ಮೈಕು ಆಫ್ ಮಾಡಿದಳು. ತೆಶೆಂಗ್ ಕನ್ನಡಕ ತೆಗೆದು ಒರೆಸತೊಡಗಿದ, ಮುಖ ಸುಣ್ಣವಾಗಿತ್ತು.

ಎಲ್ಲರೂ ಅಜ್ಜಿಯನ್ನು ನೋಡಿದರು. ಅವಳು ಪಟವನ್ನು ಸ್ಟೂಲಿನ ಮೇಲಿಟ್ಟು ಎದ್ದು ಬಂದಳು. ಕೊನೆಯ ತುಂಡನ್ನು ಕೈಯಿಂದಲೇ ಎತ್ತಿ ತಿಂದಳು. ಎಂಟು ತಿಂಗಳಿಂದ ಅವಳು ತನ್ನ ಅಂಗಡಿಯ ಬಾವಾನ್ ಬಾಯಿಗೇ ಹಾಕಿರಲಿಲ್ಲ, ಧೈರ್ಯ ಸಾಲದೆ.

“ಥೂ,” ಎಂದಳು ಅಜ್ಜಿ.

ತೆಶೆಂಗ್ ತಲೆ ತಗ್ಗಿಸಿದ. ಅಜ್ಜಿ ಮಾತ್ರ ಪಾವ್‌ಚುವಿನ ಗಲ್ಲ ಹಿಡಿದು, “ಅಕ್ಕಿ ಅಂಗಡಿ ಹುಡುಗಿ ನೀನಾ? ಇಷ್ಟು ದಿನ ಎಲ್ಲಿದ್ದೆ ತಾಯಿ? ಊರಿನವರೆಲ್ಲ ‘ಚೆನ್ನಾಗಿದೆ ಅಜ್ಜಿ, ಚೆನ್ನಾಗಿದೆ ಅಜ್ಜಿ’ ಅಂತ ಹೇಳಿ ಹೇಳಿ ನನ್ನ ಸಾಯಿಸಿಬಿಟ್ರು. ಏನು ಕೆಟ್ಟಿದೆ ಅಂತ ಒಬ್ಬ ಹೇಳಲಿಲ್ಲ!” ಎಂದಳು.

“ಅಜ್ಜಿ, ಹಳೇ ಅಕ್ಕಿ ಈಗಲೂ ಸಿಗುತ್ತೆ. ನನಗೆ ಜಾಗ ಗೊತ್ತು,” ಎಂದಳು ಪಾವ್‌ಚು. ತೆಶೆಂಗ್‌ನ ಕಡೆ ತಿರುಗಿ, “ನೀನು ಮೊದಲು ಆ ಕನ್ನಡಕಕ್ಕೆ ಏನಾದ್ರೂ ಮಾಡು. ಎಣ್ಣೆ ನೋಡದೆ ಎಣ್ಣೆ ಕೆಲಸ ಮಾಡ್ತಾರಾ? ಸರಿ ಪಕ್ಕಕ್ಕೆ,” ಎಂದು ಅಂಗಿಯ ತೋಳು ಮಡಚಿ ಬಾಣಲೆಯ ಹಿಂದೆ ಹೋಗಿ ಉರಿ ಇಳಿಸಿದಳು.

ಅಧಿಕಾರಿ ಗಡಿಯಾರ ನೋಡಿ, “ಹಾಗಾದರೆ ಈ ಕಾರ್ಯಕ್ರಮವನ್ನು ಏನೆಂದು ಬರೆದುಕೊಳ್ಳಲಿ?” ಎಂದು ಲ್ಯಾವ್‌ನನ್ನು ಕೇಳಿದರು. ಲ್ಯಾವ್ ಕಣ್ಣೊರೆಸಿಕೊಂಡು, “ಸೊಳ್ಳೆ ನಿರ್ಮೂಲನೆ ಅಂತ ಹಾಕಿ ಸಾರ್, ಅದರಲ್ಲಿ ಇನ್ನೊಂದು ಕಾರ್ಯಕ್ರಮ ಬಾಕಿ ಇದೆ,” ಎಂದ.

ಈಗ ಒಂದು ತಿಂಗಳಾಗಿದೆ. ಪಾವ್‌ಚು ಬೆಳಿಗ್ಗೆ ಆರಕ್ಕೆ ಅಕ್ಕಿ ರುಬ್ಬಲು ಹೋದರೆ ಮಧ್ಯಾಹ್ನ ಎರಡರ ತನಕ ಅಂಗಡಿಯಲ್ಲೇ. ಅಜ್ಜಿ ಪಕ್ಕದಲ್ಲಿ ಕೂತು ಪ್ರತಿ ಬಾಣಲೆಯ ಮೊದಲ ಬಾವಾನನ್ನು ತಾನೇ ತಿಂದು, “ಇನ್ನೂ ಇಲ್ಲ” ಎನ್ನುತ್ತಾಳೆ; ಹೋದ ವಾರ ಮಾತ್ರ ಏನೂ ಹೇಳದೆ ಇನ್ನೊಂದು ತಿಂದಳು. ತೆಶೆಂಗ್ ಆವಿ ಕಟ್ಟದ ಗಾಜು ಹಾಕಿಸಿಕೊಂಡಿದ್ದಾನೆ. ಜನ ಬರುತ್ತಾರೆ, ತಿನ್ನುತ್ತಾರೆ, ಖಾಲಿ ಬಟ್ಟಲಿಗೆ ಬಿಸಿ ಸಾರು ಹಾಕಿಸಿಕೊಂಡು ಕುಡಿದು ಹೋಗುತ್ತಾರೆ. ಮತ್ತೆ ಬರುತ್ತಾರೆ. ಮೂರನೆಯ ಮಹಡಿಯವಳು ಗೊಜ್ಜಿನ ಹದ ಕೇಳಲು ಬಂದು, ಸಾಲಿನಲ್ಲಿ ನಿಂತು, ಕೇಳದೆ ಹೋದಳು.

ನಿನ್ನೆ ಮಧ್ಯಾಹ್ನ ಆಲಾಯ್ ಕಾಲುಚೀಲದ ಚೀಲ ಹೊತ್ತು ಅಲ್ಲಿಗೆ ಹೋದ. ಹೆಂಡತಿಯೇ ಅಡುಗೆಯವಳಾದ ಮೇಲೆ ಸಾಲು ಯಾಕೆ ಎಂದುಕೊಂಡು ನೇರ ಮುಂದೆ ನಡೆದ.

“ಹಿಂದೆ ಹೋಗು,” ಎಂದಳು ಪಾವ್‌ಚು, ತಲೆ ಎತ್ತದೆ.

“ನಾನು ಕಣೇ!”

“ನೋಡಿದೆ. ಹಿಂದೆ ಹೋಗು.”

ಔಷಧದ ಅಂಗಡಿಯ ಮೂಲೆಯಿಂದ ಶುರುಮಾಡಿ ಮುಕ್ಕಾಲು ಗಂಟೆ ನಿಂತ. ಅವನ ಮುಂದಿನವನಿಗೆ ಕೊಟ್ಟು ಪಾವ್‌ಚು ಖಾಲಿ ಸೌಟು ಎತ್ತಿ ತೋರಿಸಿದಳು: ಮುಗಿಯಿತು. “ನಾಳೆ ಬೇಗ ಬಾ,” ಎಂದಳು, ಬೇರೆ ಗಿರಾಕಿಗೆ ಹೇಳುವಷ್ಟೇ ಮರ್ಯಾದೆಯಿಂದ.

ಹೊಟ್ಟೆ ಚುರುಗುಟ್ಟುತ್ತಿತ್ತು. ರಸ್ತೆ ದಾಟಿ ಎದುರಿನ ಚಿಕ್ಕ ಅಂಗಡಿಗೆ ಹೋಗಿ ಒಂದು ಬಟ್ಟಲು ಶಾವಿಗೆ ತರಿಸಿಕೊಂಡ. ಮೂರು ತಿಂಗಳ ಹಿಂದೆ ಶುರುವಾದ ಅಂಗಡಿ, ಒಳಗೆ ನರಪಿಳ್ಳೆ ಇಲ್ಲ. ಮೊದಲ ತುತ್ತಿಗೇ ಆಲಾಯ್ ಫೋರ್ಕು ಹಿಡಿದ ಕೈ ನಿಲ್ಲಿಸಿದ. ಅದ್ಭುತವಾಗಿತ್ತು. ಇಂಥ ಶಾವಿಗೆಯನ್ನು ಅವನು ಹುಟ್ಟಿದಾಗಿನಿಂದ ತಿಂದಿರಲಿಲ್ಲ.

“ಹೇಗಿದೆ ಅಣ್ಣ?” ಎಂದು ಅಂಗಡಿಯವನು ಆಸೆಯಿಂದ ಬಂದು ನಿಂತ.

ಆಲಾಯ್ ಬಾಗಿಲ ಕಡೆ ನೋಡಿದ. ಎದುರಿನ ಅಂಗಡಿಯಲ್ಲಿ ಪಾವ್‌ಚು ಮೇಜು ಒರೆಸುತ್ತ ಇತ್ತ ಕಡೆಗೇ ಕಣ್ಣಿಟ್ಟಿದ್ದಳು. ಹುಬ್ಬು ಗಂಟುಹಾಕಿಕೊಂಡು, ಮುಖವನ್ನು ಕಲ್ಲು ಮಾಡಿಕೊಂಡು, ಬಟ್ಟಲಿನ ತಳ ಕಾಣುವವರೆಗೆ ಕಷ್ಟಪಟ್ಟವನಂತೆ ತಿಂದು ಮುಗಿಸಿದ.

“ನನಗೆ ಗೊತ್ತಿಲ್ಲಪ್ಪ,” ಎಂದ.